ಸೈಲೆನ್ಸರ್ ಬಿಚ್ಚಿದ ಕಾರಿನಲ್ಲಿ ಇಪ್ಪತ್ತಮೂರು ವರ್ಷ

ಹೊಸಕೋಟೆ ಪಕ್ಕದ ಪಿಲ್ಲಗುಂಪೆಯ ಸೈಲೆನ್ಸರ್ ಕಾರ್ಖಾನೆಯಲ್ಲಿ ಡ್ರೈವರ್ ಆಗಿದ್ದೆ ಎಂದರೆ ಎಲ್ಲರೂ ಲೋಡ್ ಗಾಡಿ ಓಡಿಸುತ್ತಿದ್ದೆ ಎಂದುಕೊಳ್ಳುತ್ತಾರೆ. ಮೊದಲ ನಾಲ್ಕು ವರ್ಷ ಅದು ನಿಜವೂ ಹೌದು. ಆಮೇಲಿನ ಇಪ್ಪತ್ತಮೂರು ವರ್ಷ ನಾನು ಓಡಿಸಿದ್ದು ಸೈಲೆನ್ಸರ್ ಬಿಚ್ಚಿ ತೆಗೆದ ಕಾರುಗಳನ್ನು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಂಪನಿಯವರು ಒಂದು ಪುಸ್ತಕ ಕೊಡುತ್ತಾರೆ. ಬ್ರೇಕು, ಬೆಂಕಿ ಆರಿಸುವ ಸಿಲಿಂಡರು, ಸೀಟ್ ಬೆಲ್ಟು ಎಲ್ಲ ಅದರಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ನಾನು ಇಲ್ಲಿ ಬರೆಯುತ್ತೇನೆ.

ಸೈಲೆನ್ಸರ್ ಎಷ್ಟು ಸದ್ದು ತಗ್ಗಿಸುತ್ತದೆ ಎಂದು ತಿಳಿಯಬೇಕಾದರೆ, ಅದು ಇಲ್ಲದಾಗ ಎಷ್ಟು ಸದ್ದಿತ್ತು ಎಂದು ಮೊದಲು ಅಳೆಯಬೇಕು. ಕಾರಿನ ಕಂಪನಿಯವರು ಹೊಸ ಮಾದರಿಯ ಒಂದು ಕಾರು ಕಳಿಸುತ್ತಿದ್ದರು. ನಮ್ಮ ಮೆಕ್ಯಾನಿಕ್ ಅದರ ಅಡಿ ಮಲಗಿ, ಇಂಜಿನ್ನಿಗೆ ಅಂಟಿಕೊಂಡ ನಾಲ್ಕು ಗಿಡ್ಡ ಕೊಳವೆಗಳನ್ನು ಬಿಟ್ಟು ಹಿಂದಿನದೆಲ್ಲವನ್ನೂ ಬಿಚ್ಚುತ್ತಿದ್ದ. ಹೊಗೆ, ಬೆಂಕಿಯ ಕಿಡಿ, ಸದ್ದು ಎಲ್ಲವೂ ನನ್ನ ಪಾದದಿಂದ ಎರಡಡಿ ಮುಂದೆ ನೇರವಾಗಿ ಹೊರಬೀಳುತ್ತಿದ್ದವು. ರಸ್ತೆಯ ಎರಡೂ ಪಕ್ಕ ಸ್ಟ್ಯಾಂಡಿನ ಮೇಲೆ ಮೈಕು ಇಟ್ಟು, ಟಾರಿನ ಮೇಲೆ ಎರಡು ಬಿಳಿ ಗೆರೆ ಎಳೆದಿರುತ್ತಿದ್ದರು. ಮೊದಲ ಗೆರೆ ಮುಟ್ಟಿದ ತಕ್ಷಣ ಆಕ್ಸಿಲರೇಟರ್ ಪೂರ್ತಿ ತುಳಿಯಬೇಕು, ಎರಡನೆಯದು ದಾಟಿದ ಮೇಲೆ ಬಿಡಬೇಕು. ತಿರುಗಿಸಿಕೊಂಡು ಬಂದು ಮತ್ತೆ ಅದೇ. ಒಂದು ಬೆಳಿಗ್ಗೆಗೆ ಮೂವತ್ತು ನಲವತ್ತು ಸಲ.

ಸುತ್ತ ಬೇರೆ ಸದ್ದು ಇದ್ದರೆ ಸದ್ದು ಅಳೆಯುವ ಮೀಟರು ಸುಳ್ಳು ಹೇಳುತ್ತದೆ. ಹಾಗಾಗಿ ಊರಿಂದ ದೂರದ ಜಾಗ ಬೇಕಿತ್ತು. ಹೊಸಕೋಟೆಯಿಂದ ಚಿಂತಾಮಣಿ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ, ಸೈಟುಗಳು ಮಾರಾಟವಾಗದೆ ಬಿದ್ದಿದ್ದ ಒಂದು ಲೇಔಟ್ ಇತ್ತು. ರಸ್ತೆಗೆ ಟಾರು ಹಾಕಿದ್ದರು. ಮನೆಗಳು ಒಂದೂ ಎದ್ದಿರಲಿಲ್ಲ. ಒಂದು ಕಡೆ ನೀಲಗಿರಿ ತೋಪು, ಇನ್ನೊಂದು ಕಡೆ ರಾಗಿ ಹೊಲ. ಗಾಳಿ ಏಳುವ ಮೊದಲು, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಮ್ಮ ಕೆಲಸ.

ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರು ಗೋಪಾಲಯ್ಯನವರು. ಬಿಳಿ ತುಂಬುತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸದಾ ಒಂದು ನೋಟ್‌ಬುಕ್ಕು. ಟೆಂಪೊ ಓಡಿಸುತ್ತಿದ್ದ ನನ್ನನ್ನು ಆರಿಸಿಕೊಂಡವರು ಅವರೇ. ಯಾಕೆ ನಾನು ಎಂದು ಒಮ್ಮೆ ಕೇಳಿದ್ದಕ್ಕೆ, ನಾನು ಗೇರು ಬದಲಿಸುವುದು ಅವರಿಗೆ ಕೇಳಿಸುವುದೇ ಇಲ್ಲ, ಅದಕ್ಕೆ ಎಂದರು.

ಮೊದಲ ದಿನವೇ ನಾನು ನಗೆಪಾಟಲಾದೆ. ಗೆರೆ ದಾಟಿ ಆಕ್ಸಿಲರೇಟರ್ ಬಿಟ್ಟಾಗ ತೆರೆದ ಕೊಳವೆಯಲ್ಲಿ ಉಳಿದ ಪೆಟ್ರೋಲು ಪಟಾಕಿ ಸರದ ಹಾಗೆ ಸಿಡಿಯುತ್ತದೆ. ಯಾರೂ ಅದನ್ನು ನನಗೆ ಹೇಳಿರಲಿಲ್ಲ. ಕಾರೇ ಒಡೆದುಹೋಯಿತೆಂದು ಬ್ರೇಕ್ ತುಳಿದು, ಬಾಗಿಲು ತೆಗೆದು ರಾಗಿ ಹೊಲದೊಳಗೆ ಓಡಿದ್ದೆ. ಹಿಂತಿರುಗಿ ನೋಡಿದರೆ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ, ಗೋಪಾಲಯ್ಯನವರು ಮಾತ್ರ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಾರೆ. ಹೊಸಬರಿಗೆ ಸಿಡಿತದ ವಿಷಯ ಮೊದಲೇ ಹೇಳತಕ್ಕದ್ದು ಎಂದು ಬರೆದಿದ್ದರಂತೆ.

ಆ ಸದ್ದು ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅದು ಕಿವಿಗೆ ಮಾತ್ರ ಕೇಳಿಸುವುದಿಲ್ಲ. ಎದೆಯ ಗೂಡಿನಲ್ಲಿ, ಹಲ್ಲಿನ ಬುಡದಲ್ಲಿ, ಸ್ಟಿಯರಿಂಗ್ ಹಿಡಿದ ಬೆರಳಿನ ಗೆಣ್ಣುಗಳಲ್ಲಿ ಇರುತ್ತದೆ. ಹೊಗೆ ಒಳಗೆ ತುಂಬುವುದರಿಂದ ಕಿಟಕಿ ಮುಚ್ಚುವ ಹಾಗಿಲ್ಲ. ಜೊತೆಗೆ ಯಾರೂ ಕೂರುತ್ತಿರಲಿಲ್ಲ. ಒಮ್ಮೆ ಕುತೂಹಲಕ್ಕೆ ಹತ್ತಿದ ಮೆಕ್ಯಾನಿಕ್ ನಾಲ್ಕನೆಯ ಸುತ್ತಿಗೆ ಇಳಿದು ವಾಂತಿ ಮಾಡಿಕೊಂಡ. ವಾಕಿಟಾಕಿ ಕೊಟ್ಟರು, ಅದರಲ್ಲಿ ಏನೂ ಕೇಳಿಸಲಿಲ್ಲ. ಕೊನೆಗೆ ದೂರದಲ್ಲಿ ನಿಂತ ಗೋಪಾಲಯ್ಯನವರು ಹಸಿರು ಬಟ್ಟೆ ಎತ್ತಿದರೆ ಹೊರಡು, ಕೆಂಪು ಎತ್ತಿದರೆ ನಿಲ್ಲು ಎಂದಾಯಿತು. ಮೂರು ಗಂಟೆ ಹೊತ್ತು ನನಗೂ ಉಳಿದವರಿಗೂ ನಡುವೆ ಇದ್ದದ್ದು ಆ ಎರಡು ಬಟ್ಟೆ ಮಾತ್ರ.

ಆ ಕಾರಿನೊಳಗೆ ಎಷ್ಟು ಜೋರಾಗಿ ಮಾತಾಡಿದರೂ ನನಗೇ ನನ್ನ ಮಾತು ಕೇಳಿಸುತ್ತಿರಲಿಲ್ಲ. ನಮ್ಮ ಅಬ್ಬಾ ತೀರಿಕೊಂಡ ವಾರ ಮನೆಯಲ್ಲಿ ಹೆಂಗಸರು ಅಳುತ್ತಿದ್ದರು, ನಾನು ಹಿರಿಯ ಮಗ, ಅಳುವ ಹಾಗಿರಲಿಲ್ಲ. ಮೂರು ದಿನ ಕಳೆದು ಕೆಲಸಕ್ಕೆ ಹೋದೆ. ಹಸಿರು ಬಟ್ಟೆ ಎದ್ದಾಗ ಹೊರಟು, ಮೊದಲ ಗೆರೆಯಿಂದ ಎರಡನೆಯ ಗೆರೆಯವರೆಗೆ ಬಾಯಿ ಬಿಟ್ಟು ಅತ್ತೆ. ತಿರುಗಿಸಿಕೊಂಡು ಬಂದು ಮತ್ತೆ ಅತ್ತೆ. ಮೀಟರಿನಲ್ಲಿ ಅದು ಯಾವ ಲೆಕ್ಕಕ್ಕೂ ಬರಲಿಲ್ಲ. ಅವತ್ತಿನ ಅಳತೆಗಳೆಲ್ಲ ಸರಿಯಾಗಿ ಬಂದಿವೆ ಎಂದರು.

ನನ್ನ ಕೈಯಿಂದ ಆದ ದೊಡ್ಡ ಅನಾಹುತವನ್ನೂ ಹೇಳಬೇಕು. ನೀಲಗಿರಿ ತೋಪಿನ ಆಚೆ ಕೃಷ್ಣಪ್ಪ ಎಂಬ ರೈತರು ಕೋಳಿ ಶೆಡ್ ಹಾಕಿದ್ದರು. ಅದು ನಮಗೆ ಗೊತ್ತಿರಲಿಲ್ಲ. ಒಂದು ತಿಂಗಳು ಕೆಲಸವಿಲ್ಲದೆ ಆ ಕಡೆ ಹೋಗಿರಲಿಲ್ಲ. ಹೋದ ದಿನ ಐದಾರು ಸುತ್ತು ಮುಗಿಸಿದ್ದೆ, ನಡುರಸ್ತೆಯಲ್ಲಿ ಒಬ್ಬರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಅಲ್ಲಾಡದೆ ನಿಂತಿದ್ದಾರೆ. ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಇಂಜಿನ್ ಆಫ್ ಮಾಡಿದೆ. ಅವರು ಬೈಯುತ್ತಿರಲಿಲ್ಲ.

"ಬನ್ನಿ ಸಾಬ್ರೇ, ನೀವೇ ಬಂದು ನೋಡಿ," ಎಂದರು.

ಶೆಡ್ಡಿನ ಮೂಲೆಯಲ್ಲಿ ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿದ್ದವು. ಸದ್ದಿಗೆ ಹೆದರಿ ಎಲ್ಲವೂ ಒಂದೇ ಮೂಲೆಗೆ ನುಗ್ಗಿ, ಕೆಳಗಿದ್ದವು ಉಸಿರುಕಟ್ಟಿ ಸತ್ತಿದ್ದವು. ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ. ಎತ್ತಿದರೆ ಇನ್ನೂ ಬೆಚ್ಚಗಿದ್ದವು. ಕೃಷ್ಣಪ್ಪನವರು ಮಂಕರಿ ಹಿಡಿದರು, ನಾನು ಒಂದೊಂದಾಗಿ ಎತ್ತಿ ಹಾಕಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಕೈ ಕಂಡಿತು. ಗೋಪಾಲಯ್ಯನವರು ಬಿಳಿ ಅಂಗಿಯ ತೋಳು ಮಡಚಿ ಕುಕ್ಕರಗಾಲಲ್ಲಿ ಕೂತು, ಬದುಕಿದ್ದವನ್ನು ಬೇರೆ ಮಾಡುತ್ತಿದ್ದರು. ಕಂಪನಿ ಆಮೇಲೆ ಕೃಷ್ಣಪ್ಪನವರ ನಷ್ಟ ಕಟ್ಟಿಕೊಟ್ಟಿತು. ಅಂದಿನಿಂದ ಟೆಸ್ಟ್ ಇರುವ ಹಿಂದಿನ ದಿನ ನಾನೇ ಸ್ಕೂಟರಿನಲ್ಲಿ ಹೋಗಿ, ಸುತ್ತಲಿನ ಶೆಡ್ಡು, ಕೊಟ್ಟಿಗೆ, ಬಾಣಂತಿ ಇರುವ ಮನೆ ಎಲ್ಲ ಕಡೆ ಹೇಳಿ ಬರುತ್ತಿದ್ದೆ. ಇದನ್ನು ಮಾಡಿ ಎಂದು ಆ ಪುಸ್ತಕದಲ್ಲಿ ಈಗಲೂ ಬರೆದಿಲ್ಲ. ಬರೆದಿಲ್ಲವೆಂದು ಬಿಡಬೇಡಿ.

ವರ್ಷಗಳು ಕಳೆದಂತೆ ಸದ್ದಿನೊಳಗಿನ ಸದ್ದು ನನಗೆ ತಿಳಿಯತೊಡಗಿತು. ಯಾವ ಸಿಲಿಂಡರ್ ತೊದಲುತ್ತಿದೆ, ಎಲ್ಲಿ ಗ್ಯಾಸ್ಕೆಟ್ ಸೀಳಿದೆ ಎಂದು ಕೂತಲ್ಲೇ ಹೇಳುತ್ತಿದ್ದೆ. ಗೋಪಾಲಯ್ಯನವರು ಕಿಟಕಿಗೆ ಬಗ್ಗಿ, "ಏನಂತಯ್ಯಾ?" ಎಂದು ಕೇಳುವುದು, ನಾನು "ಮೂರನೇದು ಸಾರ್" ಎನ್ನುವುದು, ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುವುದು. ನೂರುಲ್ಲಾನ ಕಿವಿ ಸಾಕು, ಮೀಟರು ಬೇಡ ಎಂದು ಅವರು ಕಾರಿನ ಕಂಪನಿಯವರ ಮುಂದೆಯೇ ಹೇಳಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಆ ಮಾತು ಎಷ್ಟು ದೊಡ್ಡದು ಎಂದು ನಿಮಗೆ ಹೇಗೆ ಹೇಳಲಿ.

ಆ ಮಾತೇ ನನ್ನನ್ನು ಹಾಳುಮಾಡಿತು ಅಂತಲೂ ಹೇಳಬೇಕು. ಮೊದಮೊದಲು ಕಿವಿಗೆ ಹತ್ತಿ ಇಡುತ್ತಿದ್ದೆವು. ಆಮೇಲೆ ತಲೆಯ ಮೇಲಿಂದ ಹಾಕಿಕೊಳ್ಳುವ ದಪ್ಪ ಕಿವಿಮುಚ್ಚುಗ ಬಂತು. ಅದನ್ನು ಹಾಕಿಕೊಂಡರೆ ಇಂಜಿನ್ ಏನು ಹೇಳುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಗೆರೆ ಹತ್ತಿರ ಬಂದಾಗ ಎಡಗಡೆಯದನ್ನು ಸರಿಸಿಬಿಡುತ್ತಿದ್ದೆ. ದೂರದಿಂದ ಯಾರಿಗೂ ಕಾಣುತ್ತಿರಲಿಲ್ಲ.

ಕಿವಿ ಹೋಗುವುದು ದೀಪ ಆರಿದ ಹಾಗಲ್ಲ. ಮೊದಲು ಜೀರುಂಡೆ ನಿಂತಿತು. ಈ ಸಲ ಮಳೆ ಕಡಿಮೆ, ಅದಕ್ಕೇ ಜೀರುಂಡೆ ಇಲ್ಲ ಎಂದುಕೊಂಡೆ. ಆಮೇಲೆ ಫೋನು ಹೊಡೆದುಕೊಳ್ಳುವುದು ಕೇಳಿಸದಾಯಿತು. ಆಮೇಲೆ ಮಾತಿನಲ್ಲಿ ಕೆಲವು ಅಕ್ಷರಗಳು ಬಿದ್ದುಹೋದವು. ಗಂಡಸರ ಮಾತು ಹೇಗೋ ಅರ್ಥವಾಗುತ್ತಿತ್ತು, ನನ್ನ ಹೆಂಡತಿ ಶಮೀಮ್‌ಳದು ಆಗುತ್ತಿರಲಿಲ್ಲ. ಅವಳ ದನಿ ಮೊದಲಿಂದಲೂ ಮೆತ್ತಗೆ. ಒಂದು ಸಲ, ಎರಡು ಸಲ ಹೇಳುತ್ತಿದ್ದಳು. ಮೂರನೆಯ ಸಲವೂ ನಾನು "ಆಂ?" ಎಂದರೆ, "ಏನಿಲ್ಲ ಬಿಡಿ" ಎಂದು ಒಳಗೆ ಹೋಗುತ್ತಿದ್ದಳು. ಆ 'ಏನಿಲ್ಲ ಬಿಡಿ' ಎನ್ನುವುದು ಮಾತ್ರ ತುಟಿ ನೋಡಿಯೇ ಗೊತ್ತಾಗುವಷ್ಟು ರೂಢಿಯಾಯಿತು. ಬರಬರುತ್ತಾ ಅವಳು ಕೂಗಿ ಮಾತಾಡಲು ಕಲಿತಳು. ನಮ್ಮ ಮನೆಯ ಸುದ್ದಿಯೆಲ್ಲ ಬೀದಿಗೆ ಕೇಳಿಸುತ್ತಿತ್ತಾದ್ದರಿಂದ, ಬೀದಿಗೆ ಕೇಳಿಸಬಾರದ್ದನ್ನು ಅವಳು ಹೇಳುವುದನ್ನೇ ಬಿಟ್ಟಳು.

ಮಗಳು ನಸೀಮಾಳ ಮದುವೆ ಮಾತಿಗೆ ಕೋಲಾರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ದೊಡ್ಡಪ್ಪ ಗಡ್ಡದೊಳಗೇ ಮಾತಾಡುವ ಮನುಷ್ಯ. ಅವರು ಏನೋ ಕೇಳಿದರು, ನಾನು ನಗುತ್ತಾ ತಲೆಯಾಡಿಸಿದೆ. ಎಲ್ಲರೂ ಸಂತೋಷಪಟ್ಟರು. ಅವರು ಹೋದ ಮೇಲೆ ಶಮೀಮ್ ನನ್ನ ಮುಂದೆ ಬಂದು ನಿಂತಳು. ನಿಕಾಹ್ ಹೊಸಕೋಟೆಯಲ್ಲೇ ಆಗಬೇಕೆಂದು ಒಂದು ವರ್ಷದಿಂದ ಹೇಳುತ್ತಿದ್ದವಳು ಅವಳು. ಅವಳ ತಾಯಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ, ಮೊಮ್ಮಗಳ ನಿಕಾಹ್ ನೋಡಲಿ ಎಂಬ ಆಸೆ. ನಾನು ಕೋಲಾರಕ್ಕೆ ಒಪ್ಪಿಬಿಟ್ಟಿದ್ದೆ. ಕೇಳಿಸಲಿಲ್ಲ ಎಂದು ಹೇಳಬಹುದಿತ್ತು. "ಯೋಚನೆ ಮಾಡಿಯೇ ಒಪ್ಪಿದ್ದು," ಎಂದೆ. ಅತ್ತೆಗೆ ನಿಕಾಹ್ ನೋಡಲು ಆಗಲಿಲ್ಲ.

ವರ್ಷಕ್ಕೊಮ್ಮೆ ಕಾರ್ಖಾನೆಯ ಅಂಗಳಕ್ಕೆ ಕಿವಿ ಪರೀಕ್ಷೆಯ ವ್ಯಾನು ಬರುತ್ತಿತ್ತು. ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಸದ್ದು ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವಾಕೆ ಹೊರಗೆ ನನ್ನ ಬಲಕ್ಕೆ ಕೂರುತ್ತಿದ್ದಳು. ಅವಳು ಸದ್ದು ಕಳಿಸುವಾಗ ಮೊಣಕೈ ಸ್ವಲ್ಪ ಅಲ್ಲಾಡುವುದು ಗಾಜಿನಲ್ಲಿ ಕಾಣುತ್ತಿತ್ತು. ನಾನು ಮೊಣಕೈ ನೋಡಿ ಗುಂಡಿ ಒತ್ತುತ್ತಿದ್ದೆ. ಒಂದೆರಡು ಕಡೆ ಬೇಕೆಂದೇ ತಪ್ಪಿಸುತ್ತಿದ್ದೆ, ಅನುಮಾನ ಬರಬಾರದಲ್ಲ. ಹೀಗೆ ಐದು ವರ್ಷ ಪಾಸಾದೆ. ಕೆಲಸ ಹೋಗುತ್ತದೆಂಬ ಭಯ ಇರಲಿಲ್ಲ, ಗೋದಾಮಿಗೆ ಹಾಕುತ್ತಿದ್ದರು ಅಷ್ಟೆ. ಗೋದಾಮಿನಲ್ಲಿ ಯಾರೂ ಬಗ್ಗಿ "ಏನಂತಯ್ಯಾ?" ಎಂದು ಕೇಳುವುದಿಲ್ಲ.

ಆ ಹೊತ್ತಿಗೆ ವಿನುತಾ ಎಂಬ ಇಂಜಿನಿಯರ್ ನಮ್ಮ ವಿಭಾಗಕ್ಕೆ ಬಂದರು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹೆಣ್ಣುಮಗಳು. ಹಗಲೂ ರಾತ್ರಿ ಪವರ್‌ಲೂಮ್ ಸದ್ದಿನಲ್ಲೇ ಓದಿದವಳು ನಾನು, ನಿಮ್ಮ ಕಾರು ನನಗೇನೂ ಅಲ್ಲ ಎಂದು ಬಂದ ಮೊದಲ ದಿನ ಹೇಳಿದ್ದರು. ಒಂದು ಹೊಸ ಸೈಲೆನ್ಸರಿನ ಟೆಸ್ಟ್ ನಡೆದಿತ್ತು. ಮೊದಲು ಬರಿ ಕೊಳವೆಯಲ್ಲಿ ಓಡಿಸಿ, ಆಮೇಲೆ ಸೈಲೆನ್ಸರ್ ಕಟ್ಟಿ ಓಡಿಸಿದೆವು. ಮೀಟರಿನ ಲೆಕ್ಕ ಸರಿಯಿತ್ತು. ವಿನುತಾ ಮಾತ್ರ, ಜೋರಾಗಿ ಹೋಗುವಾಗ ಸಣ್ಣಗೆ ಒಂದು ಸೀಟಿ ಬರುತ್ತಿದೆ, ಒಳಗಿನ ತೂತುಗಳ ತಗಡಿನಲ್ಲಿ ಏನೋ ತೊಂದರೆಯಿದೆ ಎಂದರು. ಗೋಪಾಲಯ್ಯನವರಿಗೆ ವಯಸ್ಸಾಗಿತ್ತು, ಅವರಿಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಅವರು ರೂಢಿಯಂತೆ ಕಿಟಕಿಗೆ ಬಗ್ಗಿದರು.

"ಸೀಟಿ ಇದೆಯೇನಯ್ಯಾ?"

"ಇಲ್ಲ ಸಾರ್."

ನನಗೆ ಕೇಳಿಸಿರಲಿಲ್ಲ, ಅದು ನಿಜ. ಆದರೆ ಇದ್ದರೂ ನನಗೆ ಕೇಳಿಸುವುದಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ವಿನುತಾ ಇನ್ನೊಮ್ಮೆ ಹೇಳಿದರು. ಗೋಪಾಲಯ್ಯನವರು ಆರೇಳು ಜನರ ಎದುರು ಅವರಿಗೆ ಗದರಿದರು. ಇಪ್ಪತ್ತು ವರ್ಷದಿಂದ ಈ ಸೀಟಿನಲ್ಲಿ ಕೂತವನಿಗೆ ಕೇಳಿಸದ್ದು ನಿನ್ನೆ ಬಂದವರಿಗೆ ಕೇಳಿಸಿತೇ, ಮೊದಲು ಕೇಳುವುದನ್ನು ಕಲಿಯಿರಿ ಎಂದರು. ಆ ಹೆಣ್ಣುಮಗಳು ಮೈಕಿನ ವೈರು ಸುತ್ತುತ್ತಾ ತಲೆ ಬಗ್ಗಿಸಿದರು. ನಾನು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದೆ.

ಹದಿನೈದು ದಿನಕ್ಕೆ ಕಾರಿನ ಕಂಪನಿ ಆ ಸೈಲೆನ್ಸರುಗಳನ್ನೆಲ್ಲ ವಾಪಸು ಕಳಿಸಿತು. ಸೀಟಿ ಬರುತ್ತಿದೆ ಎಂದು ಕಾರಣ ಬರೆದಿದ್ದರು. ಗೋಪಾಲಯ್ಯನವರು ಮೇಲಿನವರ ಹತ್ತಿರ ಹೋಗಿ ತಪ್ಪು ತಮ್ಮದೇ ಎಂದು ಹೇಳಿ ಬಂದರಂತೆ. ನನ್ನ ಹೆಸರು ಎತ್ತಲಿಲ್ಲ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಕೇಳದೇ ಇದ್ದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ವಾರ ಊಟ ರುಚಿಸಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಗೋಪಾಲಯ್ಯನವರೂ ವಿನುತಾ ಅವರೂ ಕೋಣೆಯಲ್ಲಿದ್ದಾಗ ಹೋಗಿ, ಮೊಣಕೈ ನೋಡಿ ಗುಂಡಿ ಒತ್ತುತ್ತಿದ್ದುದನ್ನು ಮೊದಲಿಂದ ಹೇಳಿದೆ.

ವಿನುತಾ ಕೇಳಿದ್ದು ಒಂದೇ. "ಎಷ್ಟು ವರ್ಷ ಆಯ್ತು ಭಾಯ್?"

ಐದು ಎಂದೆ. ಗೋಪಾಲಯ್ಯನವರು ಕೈಯಲ್ಲಿದ್ದ ನೋಟ್‌ಬುಕ್ಕು ಮುಚ್ಚಿಟ್ಟರು. ಆಮೇಲೆ, ನನಗೆ ಕೇಳಿಸಲೆಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ನಿನ್ ಕಿವಿ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ ಕಣಯ್ಯಾ. ಎಲ್ಲರ ಮುಂದೆ ನನ್ ಕೈಲಿ ಆ ಹುಡುಗೀನ ಬೈಸಿಬಿಟ್ಟೆಯಲ್ಲ."

ಮರುದಿನ ಅದೇ ಆರೇಳು ಜನರನ್ನು ಸೇರಿಸಿ ಅವರು ವಿನುತಾರ ಕ್ಷಮೆ ಕೇಳಿದರು. ಕಾರಣ ಹೇಳಲಿಲ್ಲ. ನಾನು ಹಿಂದೆ ನಿಂತಿದ್ದೆ. ಆಮೇಲೆ ಅವರು ನಿವೃತ್ತರಾಗುವವರೆಗೆ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಬೀಳ್ಕೊಡುಗೆಯ ದಿನ ಹಾರ ಹಾಕಿ ಕೈ ಹಿಡಿದುಕೊಂಡೆ. ಅವರು ಏನೋ ಅಂದರು. ಮೈಕಿನಲ್ಲಿ ಯಾರೋ ಭಾಷಣ ಮಾಡುತ್ತಿದ್ದುದರಿಂದ ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಸಾರ್ ಎನ್ನುವ ಧೈರ್ಯ ಆಗಲಿಲ್ಲ. ಈಗ ಅವರಿಲ್ಲ.

ವಿನುತಾ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗಿ ಸರಿಯಾದ ಪರೀಕ್ಷೆ ಮಾಡಿಸಿದರು. ಕಾಗದದ ಮೇಲೆ ಬಂದ ಗೆರೆ ಸ್ವಲ್ಪ ದೂರ ಮಟ್ಟಸವಾಗಿ ಹೋಗಿ, ಆಮೇಲೆ ಬಾವಿಗೆ ಇಳಿದ ಹಾಗೆ ಇಳಿದಿತ್ತು. ಹಿಂತಿರುಗುವಾಗ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ನಿಮ್ಮನ್ನು ಕಾರಿನಿಂದ ಇಳಿಸಲೇಬೇಕು ಭಾಯ್ ಎಂದರು. ಸರಿ ಮೇಡಂ ಎಂದೆ. ಪರೀಕ್ಷೆ ಮಾಡುವವರು ಇನ್ನು ಮುಂದೆ ಬೆನ್ನ ಹಿಂದೆ ಕೂರಬೇಕು ಎಂಬ ನಿಯಮ ಅವರು ತಂದದ್ದು. ಅದು ಯಾರ ದೆಸೆಯಿಂದ ಬಂತು ಎಂದು ನಿಮಗೆ ಈಗ ಗೊತ್ತಾಯಿತು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗತೊಡಗಿತ್ತು. ಲೇಔಟಿನಲ್ಲಿ ಮನೆಗಳು ಎದ್ದವು, ನಮಗೆ ಜಾಗವಿಲ್ಲವಾಯಿತು. ಕಾರ್ಖಾನೆಯೊಳಗೇ ಒಂದು ಕೋಣೆ ಕಟ್ಟಿದರು. ಗೋಡೆ, ಚಾವಣಿಗೆಲ್ಲ ಸ್ಪಂಜಿನ ಚೂಪು ಚೂಪಾದ ತುಂಡುಗಳು. ಕಾರು ನಿಂತಲ್ಲೇ ಉರುಳೆಗಳ ಮೇಲೆ ಓಡುತ್ತದೆ. ಓಡಿಸುವವನು ಹೊರಗೆ ಪರದೆ ನೋಡುತ್ತಾ ಕೂರುತ್ತಾನೆ. ನನಗೆ ಬೀಗದ ಕೈ ಮತ್ತು ರಿಜಿಸ್ಟರು ಕೊಟ್ಟರು. ಒಂದು ದಿನ ಒಳಗೆ ಯಾರೂ ಇಲ್ಲದಾಗ ಹೋಗಿ ಬಾಗಿಲು ಹಾಕಿಕೊಂಡೆ. ಆ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೂ ಸದ್ದು ಅಲ್ಲೇ ಸತ್ತುಹೋಗುತ್ತದೆ. ಆದರೆ ನನಗೆ ಒಂದು ಸದ್ದು ಕೇಳಿಸುತ್ತಿತ್ತು, ಸಣ್ಣಗೆ, ಬಿಡದೆ. ಯಾವುದೋ ಮಿಷನ್ ಆಫ್ ಮಾಡಿಲ್ಲ ಎಂದು ಮೂಲೆಮೂಲೆ ಹುಡುಕಿದೆ. ಅದು ನನ್ನ ತಲೆಯೊಳಗಿನದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎಷ್ಟು ವರ್ಷದಿಂದ ಇತ್ತೋ, ಬೇರೆ ಸದ್ದುಗಳ ನಡುವೆ ಗೊತ್ತಾಗಿರಲಿಲ್ಲ. ಈಗಲೂ ಇದೆ. ಮಲಗುವಾಗ ಫ್ಯಾನ್ ಹಾಕಿಕೊಳ್ಳುತ್ತೇನೆ, ಚಳಿಗಾಲದಲ್ಲೂ.

ಈಗಿನ ಹುಡುಗರು ಸಂತೋಷಕ್ಕಾಗಿಯೇ ಬೈಕಿನ ಸೈಲೆನ್ಸರ್ ಬಿಚ್ಚಿಸಿಕೊಂಡು ನಮ್ಮ ಬೀದಿಯಲ್ಲಿ ಹೋಗುತ್ತಾರೆ. ಬೈಯುವವರು ಬೈಯುತ್ತಾರೆ. ನಾನು ಬೈಯುವುದಿಲ್ಲ, ಆ ಸದ್ದಿನೊಳಗೆ ಏನಿದೆ ಎಂದು ನನಗೂ ಗೊತ್ತು. ಈ ಕೆಲಸಕ್ಕೆ ಬರುವವರಿಗೆ ಹೇಳುವುದಿಷ್ಟು: ಕಿವಿಮುಚ್ಚುಗ ಸರಿಸಬೇಡಿ. ಕೇಳಿಸದಿದ್ದಾಗ ಕೇಳಿಸಲಿಲ್ಲ ಎನ್ನಿ. ಮೊದಲ ಸಲ ಹೇಳುವುದೇ ಕಷ್ಟ ಎಂದುಕೊಂಡು ನಾನು ಮುಂದೂಡಿದೆ. ಮುಂದೂಡಿದಷ್ಟೂ ಕಷ್ಟವಾಗುತ್ತಾ ಹೋಯಿತು.

ನಿವೃತ್ತಿಯಾದ ಮೇಲೆ ಅಳಿಯ ಹಠ ಮಾಡಿ ಎರಡೂ ಕಿವಿಗೆ ಮಿಷನ್ ಹಾಕಿಸಿದ. ಆಸ್ಪತ್ರೆಯಿಂದ ಹೊರಗೆ ಬಂದಾಗ ನನ್ನ ಚಪ್ಪಲಿಯ ಸದ್ದು ಕೇಳಿ ಹಿಂದೆ ಯಾರೋ ಬರುತ್ತಿದ್ದಾರೆ ಎಂದು ತಿರುಗಿ ನೋಡಿದೆ. ಮನೆಗೆ ಬಂದರೆ ಶಮೀಮ್ ಬಾಗಿಲಲ್ಲೇ, ಡಾಕ್ಟರು ಏನೆಂದರು ಎಂದು ಕೂಗಿದಳು. ಕಿವಿಯಲ್ಲಿ ಸಲಾಕೆ ಆಡಿಸಿದ ಹಾಗಾಯಿತು. ಕೂಗಬೇಡ, ಈಗ ಕೇಳಿಸುತ್ತದೆ ಎಂದೆ. ತಲೆಯಾಡಿಸಿ, ಸರಿ ಎಂದು ಅಷ್ಟೇ ಜೋರಾಗಿ ಹೇಳಿದಳು. ನಾಲ್ಕು ದಿನ ಪ್ರಯತ್ನ ಮಾಡಿದಳು. ಒಂದು ಮಾತು ಮೆಲ್ಲಗೆ ಬರುತ್ತಿತ್ತು, ಎರಡನೆಯದಕ್ಕೆ ಮತ್ತೆ ದನಿ ಏರುತ್ತಿತ್ತು.

ಐದನೆಯ ದಿನ ಸಂಜೆ ನಾನು ಹಾಲ್‌ನಲ್ಲಿ ಪೇಪರು ನೋಡುತ್ತಿದ್ದೆ. ಅಡುಗೆಮನೆಯಿಂದ ಮೆತ್ತಗಿನ ಒಂದು ದನಿ ಬಂತು. ಯಾರೋ ಹೆಂಗಸು ಬಂದಿದ್ದಾರೆ ಎಂದುಕೊಂಡು ಎದ್ದು ಬಾಗಿಲವರೆಗೆ ಹೋದೆ. ಶಮೀಮ್ ಬೆನ್ನು ತಿರುಗಿಸಿ ನಿಂತು ನಸೀಮಾ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾವು ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ಅವಳು ಹೇಳುತ್ತಿದ್ದುದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

"ನಿಮ್ಮ ಅಬ್ಬಾಗೆ ಈಗ ಕೇಳಿಸುತ್ತೆ. ಇಷ್ಟು ವರ್ಷ ಬೇಕಾದ್ದಷ್ಟೇ ಹೇಳ್ತಿದ್ದೆ. ಈಗ ಮುಂದೆ ಬಂದು ಕೂತ್ಕೊಂಡು ಮುಖ ನೋಡ್ತಾರೆ. ಏನ್ ಮಾತಾಡ್ಬೇಕೋ ಗೊತ್ತಾಗಲ್ಲ ಕಣಮ್ಮಾ."

ಸದ್ದು ಮಾಡದೆ ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದು ಚಹಾ ಬೇಕಾ ಎಂದು ಕೂಗಿದಳು. ಬೇಕು ಎಂದೆ. ನನ್ನ ದನಿಯೂ ಅಷ್ಟೇ ಜೋರಾಗಿತ್ತು ಎಂದು ನನಗೆ ಗೊತ್ತಾದದ್ದು ಅವತ್ತೇ.